ಕೇಳಿ, ಅಕ್ಕ ಹೇಳ್ತಾರೆ: 1977ರ ರಾಮನವಮಿ ಸಂಗೀತ

ಪ್ರಶ್ನೆ: ಅಕ್ಕಾ, ನಮ್ಮಪ್ಪನಿಗೆ ಎಂಬತ್ತು ದಾಟಿದೆ. 1977ರಲ್ಲಿ ಮುಂಬಯಿಯ ಒಂದು ಚಾಳಿನಲ್ಲಿ ಕೇಳಿದ ರಾಮನವಮಿ ಸಂಗೀತದ ಮಾತು ಬಂದರೆ ಸಾಕು, ಕಣ್ಣು ತುಂಬಿಕೊಳ್ಳುತ್ತಾರೆ. ಆಗ ದೇಶಕ್ಕೇ ಉಸಿರು ಬಂದ ಹಾಗಿತ್ತು ಅಂತಾರೆ. ಇಂದಿರಾ ಗಾಂಧಿಯವರನ್ನು ಸೋಲಿಸಿ ಆಗ ಬಂದ ಜನತಾ ಸರ್ಕಾರ ಮೂರು ವರ್ಷವೂ ಬಾಳಲಿಲ್ಲವಲ್ಲ ಅಂತ ನಾನಂದರೆ ಅವರಿಗೆ ಬೇಜಾರು. ಆಗ ನೀವೂ ಮುಂಬಯಿಯಲ್ಲೇ ಇದ್ದಿರಲ್ಲ, ಅಂಥದ್ದೇನಿತ್ತು ಅದರಲ್ಲಿ?
(ಡೊಂಬಿವಲಿಯ ಓದುಗರು)

ಉತ್ತರ: ಆ ರಾಮನವಮಿಗೆ ನಾನೂ ಒಂದು ಚಾಳಿನ ಅಂಗಳದಲ್ಲೇ ಕೂತಿದ್ದೆ, ವಡಾಲಾದಲ್ಲಿ. ಮದುವೆಯಾಗಿ ಧಾರವಾಡದಿಂದ ಬಂದು ಜಾಸ್ತಿ ಕಾಲ ಆಗಿರಲಿಲ್ಲ. ಮುನಿಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತ್ತು. ಹಾಗಾಗಿ ನಿಮ್ಮಪ್ಪನ ಕಣ್ಣೀರು ನನಗೆ ಅರ್ಥವಾಗುತ್ತದೆ. ನಿಮಗೂ ಅರ್ಥವಾಗಬೇಕಾದರೆ ಅದರ ಹಿಂದಿನ ಎರಡು ವರ್ಷ ಹೇಗಿತ್ತು ಅಂತ ಸ್ವಲ್ಪ ಹೇಳಬೇಕು.

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಬಂತು. ಪತ್ರಿಕೆಗಳಿಗೆ ಸೆನ್ಸಾರ್ ಬಿತ್ತು. ಲಕ್ಷಕ್ಕೂ ಹೆಚ್ಚು ಜನ ಜೈಲು ಸೇರಿದರು. ನಮ್ಮ ನಟಿ ಸ್ನೇಹಲತಾ ರೆಡ್ಡಿಯವರನ್ನು ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಇಟ್ಟರು. ಅವರಿಗೆ ಅಸ್ತಮಾ ಇತ್ತು. ಪೆರೋಲ್ ಮೇಲೆ ಬಿಟ್ಟ ಕೆಲವೇ ದಿನಗಳಲ್ಲಿ, 1977ರ ಜನವರಿ 20ಕ್ಕೆ, ತೀರಿಕೊಂಡರು. ಚುನಾವಣೆ ಮಾಡುತ್ತೇವೆ ಅಂತ ಇಂದಿರಾ ಗಾಂಧಿ ಹೇಳಿ ಆಗ ಎರಡೇ ದಿನ ಆಗಿತ್ತು. ಈಗಲೂ ಅವೆರಡು ತಾರೀಕು ಒಟ್ಟಿಗೆ ನೆನಪಾದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಚಾಳಿನಲ್ಲಿ ಜೈಲಿಗೆ ಹೋದವರು ಯಾರೂ ಇರಲಿಲ್ಲ. ಆದರೆ ಜನ ದನಿ ತಗ್ಗಿಸಿ ಮಾತಾಡೋದು ಕಲಿತಿದ್ದರು. ಹಿಂದಿನ ವರ್ಷದ ರಾಮನವಮಿಯನ್ನು ಒಂದು ಖೋಲಿಯೊಳಗೇ ಮುಗಿಸಿದ್ದರು. ಅಂಗಳದಲ್ಲಿ ಜನ ಸೇರಿಸಿದರೆ ಯಾರು ಬಂದು ಏನು ಕೇಳುತ್ತಾರೋ ಎಂಬ ಭಯ. ಪಾನಕ ಕುಡಿದು, ಒಂದು ಭಜನೆ ಹೇಳಿ, ಎಲ್ಲರೂ ಬೇಗ ಬೇಗ ಬಾಗಿಲು ಹಾಕಿಕೊಂಡಿದ್ದರು.

1977ರಲ್ಲಿ ಮಾರ್ಚ್ 16ರಿಂದ 20ರವರೆಗೆ ಮತದಾನ ನಡೆಯಿತು. ಯುಗಾದಿಯೂ ಫಲಿತಾಂಶವೂ ಬೆನ್ನಿಗೆ ಬೆನ್ನು ಬಂದವು. ಪಿಂಗಳ ಸಂವತ್ಸರದ ಬೇವು ಬೆಲ್ಲ ಬಾಯಲ್ಲಿರುವಾಗಲೇ ಸುದ್ದಿ: ರಾಯಬರೇಲಿಯಲ್ಲಿ ಇಂದಿರಾ ಗಾಂಧಿ ಸೋತರು. ಮುಂಬಯಿಯ ಆರಕ್ಕೆ ಆರೂ ಸೀಟು ವಿರೋಧ ಪಕ್ಷದವರಿಗೆ. ನಮ್ಮ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಜೈಲಿನಲ್ಲೇ ಕೂತು ಬಿಹಾರದ ಮುಜಫ್ಫರಪುರದಿಂದ ಗೆದ್ದರು. ಮುಂಬಯಿಯ ಟ್ಯಾಕ್ಸಿಯವರಿಗೆ, ಮುನಿಸಿಪಾಲಿಟಿ ಕೆಲಸಗಾರರಿಗೆ ಅವರು ಮನೆಯವರ ಹಾಗೆ. ಮಾರ್ಚ್ 21ಕ್ಕೆ ತುರ್ತುಪರಿಸ್ಥಿತಿ ಮುಗಿಯಿತು. ಅದಾಗಿ ವಾರದ ಹೊತ್ತಿಗೆ ರಾಮನವಮಿ ಬಂತು. ಈ ಸಲ ಅಂಗಳದಲ್ಲೇ ಆಗಲಿ ಅಂತ ಎಲ್ಲರೂ ಅಂದರು. ಪಟ್ಟಿ ಎತ್ತಿದರು. ಎಂದೂ ಕೊಡದವರೂ ಕೊಟ್ಟರು.

ಹಾಡಿದವರು ಗದಗ ಕಡೆಯವರು, ಬ್ಯಾಂಕಿನಲ್ಲಿ ಕೆಲಸ, ಧಾರವಾಡದಲ್ಲಿ ಕಲಿತವರು. ಪೇಟಿಗೆ, ಅಂದರೆ ಹಾರ್ಮೋನಿಯಂಗೆ, ನಮ್ಮ ಮೇಲಿನ ಮಾಳಿಗೆಯ ಮರಾಠಿ ಮಾಸ್ತರು. ತಬಲಾಕ್ಕೆ ಒಬ್ಬ ಕೊಂಕಣಿ ಹುಡುಗ. ಎರಡು ಜಮಖಾನೆ ಹಾಸಿದ್ದರು. ಜಾಗ ಸಾಲದೆ ಗ್ಯಾಲರಿಯ ಕಂಬಿಗೆ ಆತುಕೊಂಡು ಮೂರು ಮಾಳಿಗೆಯ ಜನರೂ ನಿಂತಿದ್ದರು.

ಅವರು ತಂಬೂರಿ ಶ್ರುತಿ ಮಾಡಿದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಬಿರಡೆ ತಿರುಗಿಸಿ ಒಂದೊಂದೇ ತಂತಿ ಮೀಟುವುದು, ಆಮೇಲೆ ಬಗ್ಗಿ ಕುದುರೆಯ ಮೇಲೆ ತಂತಿಯಡಿಯ ದಾರವನ್ನು ಉಗುರಿನಿಂದ ಚೂರೇ ಚೂರು ಸರಿಸುವುದು, ಮತ್ತೆ ಮೀಟಿ ಕೇಳುವುದು. ದಾರ ಸರಿಯಾದ ಜಾಗಕ್ಕೆ ಬಂದಾಗ ಆ ತಂತಿ ಗುಂಯ್ ಅಂತ ಬಿಚ್ಚಿಕೊಳ್ಳುತ್ತದೆ, ಜವಾರಿ ಅನ್ನುತ್ತಾರಲ್ಲ, ಅದು. ನಾಲ್ಕೂ ತಂತಿಗೆ ಅಷ್ಟೇ ತಾಳ್ಮೆ. ಬೇರೆ ದಿನವಾದರೆ ಮಕ್ಕಳು ಗಲಾಟೆ ಮಾಡುತ್ತಿದ್ದವು, ದೊಡ್ಡವರು ಗಡಿಯಾರ ನೋಡುತ್ತಿದ್ದರು. ಅವತ್ತು ಯಾರಿಗೂ ಅವಸರ ಇರಲಿಲ್ಲ. ಸಂಜೆ ಅಂಗಳದಲ್ಲಿ ಹೆದರದೆ ಕೂತಿರುವುದೇ ಒಂದು ಸುಖ ಅಂತ ನನಗೆ ಅನ್ನಿಸಿದ್ದು ಆಗಲೇ, ಹಾಡು ಶುರುವಾಗುವ ಮೊದಲೇ.

ಮೊದಲು ಪೂರಿಯಾ ಧನಾಶ್ರೀ ರಾಗ ಹಾಡಿದರು. ಆಮೇಲೆ ಬಸವಣ್ಣನವರ ವಚನ, ಪುರಂದರದಾಸರ ಪದ. ಮರಾಠಿ ನೆರೆಯವರು ಕೇಳಿದರು ಅಂತ ತುಕಾರಾಮರ ಅಭಂಗ. ಕೊನೆಗೆ ಭೈರವಿ. ರಾಜಕೀಯದ ಒಂದು ಮಾತೂ ಅಲ್ಲಿ ಬರಲಿಲ್ಲ.

ಇನ್ನು ನಿಮ್ಮ ಪ್ರಶ್ನೆಯ ನಿಜವಾದ ಭಾಗ. ನನ್ನ ಪಕ್ಕದ ಜಮಖಾನೆಯಲ್ಲಿ ಇಬ್ಬರು ಕೂತಿದ್ದರು. ಒಬ್ಬರು ಹುಬ್ಬಳ್ಳಿ ಕಡೆಯವರು, ರೈಲ್ವೆಯಲ್ಲಿದ್ದವರು. 1974ರ ಮೇ 8ಕ್ಕೆ ಶುರುವಾಗಿ ಇಪ್ಪತ್ತು ದಿನ ನಡೆದ ಆ ದೊಡ್ಡ ರೈಲ್ವೆ ಮುಷ್ಕರದಲ್ಲಿ ಕೆಲಸ ಹೋಗಿತ್ತು. ಮೂರು ವರ್ಷದಿಂದ ಅಂಗಡಿಗಳ ಲೆಕ್ಕ ಬರೆದು ಮನೆ ನಡೆಸುತ್ತಿದ್ದರು. ಇನ್ನೊಬ್ಬರು ಕುಂದಾಪುರದ ಕಡೆಯವರು, ಮಾಟುಂಗಾದ ಹೋಟೆಲೊಂದರಲ್ಲಿ ಅಡುಗೆ ಮಾಡುವವರು. ಅವರ ಅಪ್ಪ, ಅಜ್ಜ ಎಲ್ಲ ಗೇಣಿಗೆ ಗದ್ದೆ ಮಾಡಿದವರು. ದೇವರಾಜ ಅರಸರ ಕಾಲದ ಭೂಸುಧಾರಣೆಯಲ್ಲಿ ಊರಲ್ಲಿ ಅಮ್ಮ ಡಿಕ್ಲರೇಶನ್, ಅಂದರೆ ಗೇಣಿದಾರರ ಅರ್ಜಿ, ಕೊಟ್ಟು, ಗದ್ದೆ ಅವರ ಹೆಸರಿಗೇ ಆಗಿತ್ತು. ಅವರ ಮನೆಯಲ್ಲಿ ಇಂದಿರಾ ಗಾಂಧಿ ಫೋಟೋ ಇತ್ತು, ದೇವರ ಪಟದ ಸಾಲಿನಲ್ಲೇ. ಯಾರೋ ಚುಡಾಯಿಸಿದ್ದಕ್ಕೆ, 'ನಮ್ಗ್ ಭೂಮಿ ಕೊಟ್ಟದ್ ಅವ್ರೇ ಅಲ್ದಾ? ಮರೂಕಾತ್ತಾ ಟೀಚರೇ?' ಅಂತ ನನ್ನನ್ನೇ ಕೇಳಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರೊಬ್ಬರೇ ಅಲ್ಲ. ಉತ್ತರ ಭಾರತದಲ್ಲಿ ಕಾಂಗ್ರೆಸ್ ಕೊಚ್ಚಿಹೋದ ಅದೇ ಚುನಾವಣೆಯಲ್ಲಿ ಕರ್ನಾಟಕದ 28 ಸೀಟುಗಳಲ್ಲಿ 26 ಕಾಂಗ್ರೆಸ್ಸಿಗೇ ಹೋದವು. ಮುಂಬಯಿಯಲ್ಲಿ ಪಟಾಕಿ ಹೊಡೆಯುವಾಗ ನಮ್ಮ ನಮ್ಮ ಊರಿನ ಮನೆಗಳಲ್ಲಿ ಜನ ಬೇರೆಯೇ ಕಡೆ ಮತ ಹಾಕಿದ್ದರು.

ಇವರಿಬ್ಬರೂ ಚುನಾವಣೆಯ ಸಮಯದಲ್ಲಿ ನಲ್ಲಿಯ ಹತ್ತಿರ ಜಗಳ ಆಡಿದವರು. ಒಬ್ಬರ ಭಾಗ್ಯದ ಬಾಗಿಲು ತೆರೆದದ್ದು ಯಾವ ಪಕ್ಷದ ಸರ್ಕಾರವೋ, ಇನ್ನೊಬ್ಬರ ಅನ್ನ ಕಿತ್ತದ್ದೂ ಅದೇ ಪಕ್ಷದ್ದು. ಆ ಸಂಜೆ ಅಡುಗೆಯವರು ದೊಡ್ಡ ಪಾತ್ರೆಯಲ್ಲಿ ಪಾನಕ ಮಾಡಿ ತಂದಿದ್ದರು. ಬೆಲ್ಲ, ಏಲಕ್ಕಿ, ಶುಂಠಿ ಹದವಾಗಿ ಬಿದ್ದಿತ್ತು. ರೈಲ್ವೆಯವರಿಗೆ ಲೋಟ ಕೊಟ್ಟರು. ಅವರು ಸರಿದು ಜಾಗ ಮಾಡಿ, 'ಕೂಡ್ರಿ, ಇನ್ನ ವಚನಾ ಹಾಡತಾರ' ಅಂದರು. ಇಬ್ಬರೂ ಭೈರವಿ ಮುಗಿಯೋವರೆಗೂ ಅಲ್ಲೇ ಇದ್ದರು. ರಾಜಿ ಆದರು ಅಂತ ನಾನು ಹೇಳ್ತಿಲ್ಲ. ಮಾರನೇ ದಿನ ನಲ್ಲಿಯ ಹತ್ತಿರ ಮತ್ತೆ ಮಾತಿಗೆ ಮಾತು ಬೆಳೆಯಿತು. ಆದರೆ ಈ ಸಲ ದನಿ ತಗ್ಗಿಸಿ ಜಗಳ ಆಡುವ ಅಗತ್ಯ ಇಬ್ಬರಿಗೂ ಇರಲಿಲ್ಲ.

ಆ ಸರ್ಕಾರ ಬಿತ್ತು, ನಿಜ. 1979ರ ಜುಲೈಯಲ್ಲಿ ಪ್ರಧಾನಿ ಮೊರಾರ್ಜಿ ದೇಸಾಯಿ ರಾಜೀನಾಮೆ ಕೊಟ್ಟರು, 1980ರ ಜನವರಿಯಲ್ಲಿ ಇಂದಿರಾ ಗಾಂಧಿ ಮತ್ತೆ ಗೆದ್ದು ಬಂದರು. ಒಳಜಗಳ ನೋಡಿ ನಮಗೂ ಸಾಕಾಗಿತ್ತು. ಆದರೆ ಅಷ್ಟರಲ್ಲಿ ಆದ ಕೆಲಸ ನೋಡಿ. ಮಧು ದಂಡವತೆ ರೈಲ್ವೆ ಮಂತ್ರಿಯಾಗಿ, ಮುಷ್ಕರದಲ್ಲಿ ತೆಗೆದವರನ್ನು ವಾಪಸ್ ಕೆಲಸಕ್ಕೆ ತೆಗೆದುಕೊಂಡರು. ನಮ್ಮ ಹುಬ್ಬಳ್ಳಿಯವರು ಮತ್ತೆ ಡಬ್ಬಿ ಹಿಡಿದು ಬೆಳಗಿನ ಲೋಕಲ್ ಹತ್ತುವುದನ್ನು ನಾನು ನೋಡಿದ್ದೇನೆ. 1978ರಲ್ಲಿ ಸಂವಿಧಾನಕ್ಕೆ 44ನೇ ತಿದ್ದುಪಡಿ ಆಯಿತು. ತುರ್ತುಪರಿಸ್ಥಿತಿ ಇದ್ದರೂ ಬದುಕುವ ಹಕ್ಕನ್ನು, ವ್ಯಕ್ತಿಯ ಸ್ವಾತಂತ್ರ್ಯವನ್ನು ಅಮಾನತಿನಲ್ಲಿ ಇಡುವ ಹಾಗಿಲ್ಲ ಅಂತಾಯಿತು. 'ಆಂತರಿಕ ಗಲಭೆ' ಅಂತ ನೆಪ ಹೇಳಿ ತುರ್ತುಪರಿಸ್ಥಿತಿ ತರುವ ದಾರಿ ಮುಚ್ಚಿತು. ಅದು ಇವತ್ತಿಗೂ ಇದೆ. ನಿಮ್ಮನ್ನೂ ಕಾಯುತ್ತಿದೆ. ಕುಂದಾಪುರದ ಆ ಗದ್ದೆಯೂ ಅವರ ಮನೆಯವರ ಹೆಸರಿನಲ್ಲೇ ಉಳಿಯಿತು.

ಅದಕ್ಕೇ ನಿಮಗೆ ಒಂದು ಕೆಲಸ ಹೇಳ್ತೇನೆ. ಸರ್ಕಾರ ಎಷ್ಟು ವರ್ಷ ಬಾಳಿತು ಅಂತ ನಿಮ್ಮಪ್ಪನ ಹತ್ತಿರ ವಾದ ಮಾಡಬೇಡಿ. ಆಗ ನಿಮಗೆ ಸ್ವಂತಕ್ಕೆ ಏನಾಗಬೇಕಿತ್ತು ಅಂತ ಕೇಳಿ. ನೌಕರಿಯೋ, ಖೋಲಿಯೋ, ತಂಗಿಯ ಮದುವೆಯೋ, ಜೈಲಿನಲ್ಲಿದ್ದ ಗೆಳೆಯನೋ. ಪಕ್ಕದಲ್ಲಿ ಯಾರು ಕೂತಿದ್ದರು ಅಂತಲೂ ಕೇಳಿ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಎಂಬತ್ತು ದಾಟಿದೆ ಅಂದಿರಿ, ಈ ಭಾನುವಾರವೇ ಕೂತುಕೊಳ್ಳಿ.

ಪ್ರಶ್ನೆ: ತುರ್ತುಪರಿಸ್ಥಿತಿಯಲ್ಲಿ ಕಿಶೋರ್ ಕುಮಾರ್ ಹಾಡುಗಳನ್ನು ರೇಡಿಯೋದಲ್ಲಿ ನಿಲ್ಲಿಸಿದ್ದರಂತೆ, ನಿಜವೇ?
(ಠಾಣೆಯ ಓದುಗರು)

ಉತ್ತರ: ನಿಜ. ಸರ್ಕಾರದ ಪ್ರಚಾರಕ್ಕೆ ಹಾಡಲು ಅವರು ಒಪ್ಪಲಿಲ್ಲ. 1976ರ ಮೇ ತಿಂಗಳಿಂದ ಆಕಾಶವಾಣಿಯಲ್ಲೂ ದೂರದರ್ಶನದಲ್ಲೂ ಅವರ ಹಾಡು ನಿಂತವು. ತುರ್ತುಪರಿಸ್ಥಿತಿ ಮುಗಿದ ಮೇಲೇ ಮತ್ತೆ ಬಂದದ್ದು. ಒಬ್ಬ ಹಾಡುಗಾರನ ದನಿಗೆ ಸರ್ಕಾರ ಎಷ್ಟು ಹೆದರಬಹುದು ಅಂತ ನನ್ನ ಶಾಲೆಯ ಮಕ್ಕಳಿಗೆ ನಾನು ಹೇಳುತ್ತಿದ್ದದ್ದು ಇದೇ ಉದಾಹರಣೆಯಿಂದ.

ಪ್ರಶ್ನೆ: ನಾವು ವಾಸ್ಕೋದಲ್ಲಿ ನೆಲೆಸಿದ ಕನ್ನಡಿಗರು. ಗೋವಾಕ್ಕೆ ಸ್ವಾತಂತ್ರ್ಯ ಬಂದಾಗ ಇಲ್ಲೂ ಹೀಗೆ ಹಾಡಿ ಸಂಭ್ರಮಿಸಿರಬೇಕಲ್ಲವೇ? ನಮ್ಮ ಹಿರಿಯರೆಲ್ಲ ಆಮೇಲೆ ಬಂದವರು, ಹೇಳುವವರಿಲ್ಲ.
(ವಾಸ್ಕೋದ ಓದುಗರು)

ಉತ್ತರ: 1961ರ ಡಿಸೆಂಬರ್ 19ಕ್ಕೆ ಪೋರ್ಚುಗೀಸರ 451 ವರ್ಷದ ಆಳ್ವಿಕೆ ಮುಗಿಯಿತು. ಆದರೆ ಗೋವಾದ ಸಂಗೀತಗಾರರಲ್ಲಿ ದೊಡ್ಡವರು ಎಷ್ಟೋ ಜನ ಅದಕ್ಕೂ ಬಹಳ ಮೊದಲೇ ಮುಂಬಯಿ ಸೇರಿಬಿಟ್ಟಿದ್ದರು. ಕೇಸರಬಾಯಿ ಕೇರ್ಕರ್, ಮೋಗುಬಾಯಿ ಕುರ್ಡೀಕರ್ ಇಬ್ಬರೂ ಗೋವಾದವರು, ಹೆಸರು ಮಾಡಿದ್ದು ಮುಂಬಯಿಯಲ್ಲಿ.

ನೀವು ಹುಡುಕಬೇಕಾದ ಇನ್ನೊಂದು ತಾರೀಕು 1967ರ ಜನವರಿ 16. ಗೋವಾ ಮಹಾರಾಷ್ಟ್ರಕ್ಕೆ ಸೇರಬೇಕೋ ಬೇರೆಯೇ ಉಳಿಯಬೇಕೋ ಅಂತ ಅವತ್ತು ಜನಮತ ಕೇಳಿದರು. ಬೇರೆಯೇ ಉಳಿಯೋಣ ಅಂತ ಗಾಯಕ ಉಲ್ಹಾಸ್ ಬುಯಾಂವ್ ಊರೂರು ತಿರುಗಿ ಸಭೆಗಳಲ್ಲಿ ಕೊಂಕಣಿ ಹಾಡು ಹಾಡಿದರು. ಭಾಷಣ ಮಾಡದ ಕೆಲಸವನ್ನು ಆ ಹಾಡುಗಳು ಮಾಡಿದವು ಅಂತ ಗೋವಾದ ಹಿರಿಯರು ಈಗಲೂ ಹೇಳುತ್ತಾರೆ. ಬೇರೆ ಉಳಿಯಬೇಕು ಎಂದವರು 34,021 ಮತಗಳಿಂದ ಗೆದ್ದರು. ಆದರೆ ಒಂದು ಲಕ್ಷ 38 ಸಾವಿರ ಜನ ಸೇರಬೇಕು ಅಂತ ಮತ ಹಾಕಿದ್ದರು. ಅವರೂ ಗೋವಾದವರೇ, ಅವರಿಗೂ ಅವರದೇ ಆದ ಆಸೆ ಇತ್ತು. ನಿಮ್ಮ ಬೀದಿಯಲ್ಲಿ ಎಪ್ಪತ್ತೈದು ದಾಟಿದ ಕೊಂಕಣಿ ಅಜ್ಜಿ ಇದ್ದರೆ ಒಂದು ಸಂಜೆ ಹೋಗಿ ಕೇಳಿ. ಹಾಡಿಯೇ ತೋರಿಸುತ್ತಾರೆ.

ಪ್ರಶ್ನೆ: ಹನ್ನೆರಡು ವರ್ಷದ ಮಗಳನ್ನು ಈ ಸಲ ಸವಾಯಿ ಗಂಧರ್ವ ಉತ್ಸವಕ್ಕೆ ಕರೆದುಕೊಂಡು ಹೋಗಬೇಕು ಅಂತಿದ್ದೇನೆ. ಅವಳಿಗೆ ಬೋರಾದರೆ?
(ಪುಣೆಯ ಓದುಗರು)

ಉತ್ತರ: ಬೋರಾದರೆ ಎದ್ದು ಹೊರಗೆ ಬಂದು ವಡಾಪಾವ್ ತಿನ್ನಿಸಿ, ಮತ್ತೆ ಒಳಗೆ ಹೋಗಿ. ಅದು ತಪ್ಪಲ್ಲ. ಒಂದೇ ದಿನ, ಒಬ್ಬರೇ ಹಾಡುಗಾರರನ್ನು ಪೂರ್ತಿ ಕೇಳಿಸಿ ಮನೆಗೆ ಕರೆತನ್ನಿ. ಇದು ಯಾವ ರಾಗ ಹೇಳು ಅಂತ ದಯವಿಟ್ಟು ಪರೀಕ್ಷೆ ಮಾಡಬೇಡಿ. ಕುರ್ಚಿ ಬೇಡ, ಕೆಳಗೇ ಕೂತುಕೊಳ್ಳಿ. ಪಕ್ಕದವರು ಎಲ್ಲಿ 'ವಾಹ್' ಅಂತಾರೆ ಅನ್ನೋದನ್ನು ನೋಡುತ್ತಲೇ ಮಕ್ಕಳು ಕಲಿಯುತ್ತಾರೆ.

ಹೋಗುವ ಮೊದಲು ಒಂದು ವಿಷಯ ಹೇಳಿ. ಸವಾಯಿ ಗಂಧರ್ವರು ನಮ್ಮ ಕುಂದಗೋಳದವರು. ಅವರು ತೀರಿಕೊಂಡ ಮರುವರ್ಷ, 1953ರಲ್ಲಿ, ಅವರ ಶಿಷ್ಯ ಭೀಮಸೇನ ಜೋಶಿ ಪುಣೆಯಲ್ಲಿ ಇದನ್ನು ಶುರು ಮಾಡಿದರು. ಸ್ವಾತಂತ್ರ್ಯ ಬಂದು ಆರು ವರ್ಷ ಆಗಿತ್ತು. ಹಾಡುಗಾರರನ್ನು ಸಾಕುತ್ತಿದ್ದ ಸಂಸ್ಥಾನಗಳು ಹೋಗಿದ್ದವು. ಇನ್ನು ಸಂಗೀತವನ್ನು ಯಾರು ಸಾಕುತ್ತಾರೆ ಅನ್ನೋ ಪ್ರಶ್ನೆಗೆ ಪುಣೆಯ ಸಾಮಾನ್ಯ ಜನ ರಾತ್ರಿಯಿಡೀ ಕೂತು ಉತ್ತರ ಕೊಟ್ಟರು. ಗಂಗೂಬಾಯಿ ಹಾನಗಲ್ ಅದೇ ಗುರುವಿನ ಶಿಷ್ಯೆ, ಅವರೂ ಅಲ್ಲಿ ಹಾಡಿದ್ದಾರೆ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಇರಬಾರದು ಎಂಬ ನಿಯಮ 2000ದಲ್ಲಿ ಬಂದ ಮೇಲೆ ಬೆಳಗಿನ ಜಾವದ ರಾಗಗಳು ಬಯಲಿನ ಉತ್ಸವಗಳಿಂದ ಮೆಲ್ಲಗೆ ಜಾರಿಹೋದವು. ಅದು ನನಗೆ ಬಹಳ ನೋವಿನ ಸಂಗತಿ. ಮಗಳನ್ನು ಒಂದು ಬೆಳಿಗ್ಗೆ ಬೇಗ ಎಬ್ಬಿಸಿ ಮನೆಯಲ್ಲೇ ಲಲಿತ್ ರಾಗ ಕೇಳಿಸಿ.

ಪ್ರಶ್ನೆ: ನಮ್ಮ ಸೊಸೈಟಿಯ ಕನ್ನಡದವರು ಸೇರಿ ನವೆಂಬರ್ 1ಕ್ಕೆ ಸಣ್ಣ ಸಂಗೀತ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಬರೀ ಕನ್ನಡ ಹಾಡೇ ಇರಬೇಕು ಅಂತ ಕೆಲವರು, ಮರಾಠಿಯವರನ್ನೂ ಕರೆಯೋಣ ಅಂತ ಕೆಲವರು. ಏನು ಮಾಡೋಣ?
(ಮುಲುಂಡಿನ ಓದುಗರು)

ಉತ್ತರ: ಕರೆಯಿರಿ. ಎರಡನೇ ಮಾತೇ ಇಲ್ಲ. 1956ರ ನವೆಂಬರ್ 1ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಕಾರವಾರ ಎಲ್ಲ ಮುಂಬಯಿ ರಾಜ್ಯದಲ್ಲೇ ಇದ್ದವು. ಅವತ್ತು ನಮ್ಮ ಜಿಲ್ಲೆಗಳು ಮೈಸೂರು ರಾಜ್ಯ ಸೇರಿದವು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ನಮಗೆ ಅದು ಎಷ್ಟೋ ವರ್ಷ ಕಾದು ಸಿಕ್ಕಿದ ದಿನ. ಆದರೆ ನಿಮ್ಮ ಮರಾಠಿ ನೆರೆಯವರ ಅಜ್ಜಂದಿರಿಗೆ ಆ ವರ್ಷ ಕಣ್ಣೀರಿನದು. ಮುಂಬಯಿ ತಮ್ಮ ರಾಜ್ಯಕ್ಕೆ ಸಿಗಲಿಲ್ಲ ಅಂತ ಬೀದಿಗಿಳಿದು ಗುಂಡೇಟು ತಿಂದವರು ಅವರು. ಫ್ಲೋರಾ ಫೌಂಟನ್ ಹತ್ತಿರದ ಹುತಾತ್ಮ ಚೌಕ ಅವರದೇ ಸ್ಮಾರಕ. ಅವರ ದಿನ ಬಂದದ್ದು 1960ರ ಮೇ 1ಕ್ಕೆ. ಎರಡೂ ಕಡೆಯವರಿಗೆ ಬೇಕಾಗಿದ್ದದ್ದು ಒಂದೇ: ನಮ್ಮ ಮಾತು ಆಡುವವರೆಲ್ಲ ಒಂದು ಸೂರಿನಡಿ ಇರಬೇಕು ಅಂತ. ನಿರೂಪಣೆ ಮಾಡುವವರು ಇಷ್ಟನ್ನು ಎರಡು ವಾಕ್ಯದಲ್ಲಿ ಹೇಳಲಿ. ಹಾಡುಗಾರರಿಗೆ ಮೊದಲೇ ಹೇಳಿ ವಚನ, ದಾಸರ ಪದಗಳ ನಡುವೆ ಒಂದು ಅಭಂಗ ಇಡಿಸಿ.

ಉಳಿದದ್ದು ವ್ಯವಸ್ಥೆಯ ಮಾತು. ಸ್ಪೀಕರಿಗೆ ಪೊಲೀಸ್ ಪರವಾನಗಿ ಮೊದಲೇ ತೆಗೆದಿಡಿ, ಹತ್ತರೊಳಗೆ ಮುಗಿಸಿ. ಮೈಕಿನವನಿಗೆ ಎಕೋ ಹಾಕಬೇಡ ಅಂತ ಖಡಕ್ಕಾಗಿ ಹೇಳಿ. ತಂಬೂರಿ ಶ್ರುತಿ ಮಾಡಲು ಅರ್ಧ ಗಂಟೆ ಕೊಡಿ, ಆಗ ಸಿನಿಮಾ ಹಾಡು ಹಚ್ಚಬೇಡಿ. ಮುಂದಿನ ಸಾಲಿಗೆ ಸೋಫಾ ಬೇಡ, ಮೊಣಕಾಲು ನೋವಿನವರಿಗೆ ಹಿಂದೆ ಕುರ್ಚಿ ಹಾಕಿ, ಮುಂದೆ ಮಕ್ಕಳು ಕೂರಲಿ. ಸನ್ಮಾನ, ಶಾಲು, ಹಾರ ಎಲ್ಲ ಹಾಡು ಶುರುವಾಗುವ ಮೊದಲೇ ಮುಗಿಯಲಿ. ನಡುವೆ ಯಾರೂ ವೇದಿಕೆ ಹತ್ತಬಾರದು, ಸೊಸೈಟಿ ಚೇರ್ಮನ್ ಆದರೂ ಸರಿ. ಚಹಾ ಮಧ್ಯಂತರದಲ್ಲಿ. ಹಾಡುಗಾರರ ಸಂಭಾವನೆ ಲಕೋಟೆಯಲ್ಲಿ ಹಾಕಿಡುವಾಗ ತಬಲಾ, ಪೇಟಿಯವರಿಗೂ ಬೇರೆ ಬೇರೆ ಲಕೋಟೆ ಮಾಡಿ. ಎಲ್ಲರ ಟ್ಯಾಕ್ಸಿ ದುಡ್ಡೂ ಅದರಲ್ಲೇ ಇರಲಿ, ಗೇಟಿನ ಹತ್ತಿರ ನಿಂತು ಚೌಕಾಸಿ ಆಗಬಾರದು.